ಭಾವನ ಚಪ್ಪಟೆ ಬುಡದ ಸಿದ್ಧಾಂತ

ನಮ್ಮ ಭಾವ ಇಡೀ ಸಿಂಗಪುರದಲ್ಲೇ ಅತ್ಯಂತ ಅಪಾಯಕಾರಿ ಮನುಷ್ಯ. ಯಾರಿಗೆ ಅಂತ ಕೇಳಿದಿರಾ? ನನಗೆ! ಬೇರೆಯವರ ಪಾಲಿಗೆ ಅವರು ಬೆಡೋಕ್‌ನ ಫ್ಲಾಟಿನಲ್ಲಿ ಅಕ್ಕನ ಜೊತೆ ತೆಪ್ಪಗಿರುವ, ಬ್ಯಾಂಕೊಂದರ ಸರ್ವರ್ ನೋಡಿಕೊಳ್ಳುವ, ಲಿಫ್ಟಿನಲ್ಲಿ ಎಲ್ಲರಿಗೂ ಬಟನ್ ಒತ್ತಿಕೊಡುವ ಅಂಕಲ್. ಶನಿವಾರ ಮಾತ್ರ ಶೂಟಿಂಗ್ ಕ್ಲಬ್ಬಿಗೆ ಹೋಗಿ ಪಿಸ್ತೂಲು ಹಿಡಿಯುತ್ತಾರೆ. ಪಿಸ್ತೂಲು, ಗುಂಡು ಎರಡನ್ನೂ ಅಲ್ಲೇ ಬೀಗದೊಳಗೆ ಬಿಟ್ಟು ಬರುತ್ತಾರೆ. ಮನೆಗೆ ತರುವುದು ಗುಂಡಿನ ಮಾತು ಮಾತ್ರ. ಆ ಮಾತೆಲ್ಲ ಬಂದು ಬೀಳುವುದು ನನ್ನ ಮೇಲೆ.

ಹಾಗಂತ ನಾನೇನು ಶೂರನಲ್ಲ. ಕುಕ್ಕರ್ ಸೀಟಿ ಹೊಡೆದರೂ ಬೆಚ್ಚಿಬೀಳುವ ಆಸಾಮಿ. ಆಫೀಸಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡ್ತೀನಿ ಅನ್ನುವ ಒಂದೇ ಕಾರಣಕ್ಕೆ ಭಾವ ನನ್ನನ್ನು ತಮ್ಮ ಟೆಸ್ಟರ್ ಅಂತ ನೇಮಿಸಿಕೊಂಡರು. ಸಂಬಳ, ವಾರಕ್ಕೊಂದು ಊಟ.

ಇದೆಲ್ಲ ಶುರುವಾಗಿದ್ದು ಅವರ ಸ್ಕೋರ್ ಬಿದ್ದಾಗ. ಗುರಿಹಲಗೆಯ ಮೇಲೆ ಬಿಸ್ಕತ್ತಿನಷ್ಟು ಜಾಗದಲ್ಲಿ ಒತ್ತಾಗಿ ಕೂರುತ್ತಿದ್ದ ಗುಂಡುಗಳು ಇದ್ದಕ್ಕಿದ್ದಂತೆ ದೋಸೆಯಗಲ ಚೆಲ್ಲಾಪಿಲ್ಲಿಯಾದವು. ಸಂಕ್ರಾಂತಿ ಮುಗಿದ ಮುಂದಿನ ವಾರವೇ ಕ್ಲಬ್ ಟೀಮಿನ ಸೆಲೆಕ್ಷನ್. ಅದು ತಪ್ಪಿದರೆ ಇಷ್ಟು ವರ್ಷದ ಜಾಗ ಹೋಯಿತು. ಭಾವನಿಗೆ ಆ ಟೀಮೆಂದರೆ ಪ್ರಾಣ. ಪ್ರಮೋಷನ್ ತಪ್ಪಿದಾಗ ನಗುತ್ತಲೇ ಇದ್ದ ಮನುಷ್ಯ, ಈಗ ಊಟ ಬಿಟ್ಟು ಕೂತರು.

ಕೂತು ಯೋಚಿಸಿ ಕಳ್ಳನನ್ನು ಹಿಡಿದೇಬಿಟ್ಟರು. ಕಳ್ಳ ಯಾರು? ಗುಂಡಿನ ಬುಡ! ಅಮೆರಿಕದಲ್ಲಿ ಯಾರೋ ರಿಟೈರ್ಡ್ ತಾತ ತಮ್ಮ ಗ್ಯಾರೇಜಿನಲ್ಲಿ ಸೀಸ ಕರಗಿಸಿ, ಪಿಸ್ತೂಲಿನ ಗುಂಡು ತಾವೇ ಎರಕ ಹೊಯ್ದು, ಬುಡಗಳ ಫೋಟೋ ಇಂಟರ್ನೆಟ್ಟಿಗೆ ಹಾಕುತ್ತಿದ್ದರು. ಚಪ್ಪಟೆ ಬುಡವಾದರೆ ಹಿಂದಿನಿಂದ ಒತ್ತಡ ಸಮನಾಗಿ ಬಿದ್ದು ಗುಂಡು ನೆಟ್ಟಗೆ ಹೋಗುತ್ತದಂತೆ. ಅಂಚು ಸವರಿದ ಬುಡವಾದರೆ ತುಂಬಲು ಸಲೀಸು, ಆದರೆ ಹೊಗೆ ಪಕ್ಕದಿಂದ ನುಸುಳಿ ದಾರಿ ತಪ್ಪಿಸುತ್ತದಂತೆ. ಕ್ಲಬ್ಬಿನ ಗುಂಡಿಗೆ ಈಚೆಗೆ ಅಂಚು ಸವರಿದ ಬುಡ ಬಂದಿದೆ, ತಮ್ಮ ಸ್ಕೋರು ಬಿದ್ದಿದ್ದು ಅದರಿಂದಲೇ ಅಂತ ಭಾವ ತೀರ್ಪು ಕೊಟ್ಟರು.

"ಮೂತಿ ನೋಡಿ ಮರುಳಾಗ್ಬೇಡ ಕಣೋ," ಅಂದರು, "ದಾರಿ ತೋರಿಸೋದು ಬುಡ."

ಆಮೇಲೆ ನನ್ನ ಫೋನಿಗೆ ಬುಡಗಳ ಮಳೆ. ಒಂದು ದಿನ ಜುರಾಂಗ್ ಈಸ್ಟ್‌ನ ಆಫೀಸಿನಲ್ಲಿ ನಾನು ಸ್ಕ್ರೀನ್ ಶೇರ್ ಮಾಡಿಕೊಂಡು ರಿಲೀಸ್ ಪ್ಲಾನ್ ವಿವರಿಸುತ್ತಿದ್ದಾಗ ಲ್ಯಾಪ್‌ಟಾಪಿನಲ್ಲೂ ತೆರೆದಿದ್ದ ಚಾಟಿಗೆ ಭಾವನ ಫೋಟೋ ಬಂದು, ಗೋಡೆಯಗಲ ಗುಂಡುಗಳು ಸಾಲಾಗಿ ನಿಂತವು. ಮ್ಯಾನೇಜರಮ್ಮ ಇದೇನು ಅಂದರು. ನನ್ನ ಬಾಯಿಗೆ ಬಂದದ್ದು "ಲಿಪ್‌ಸ್ಟಿಕ್." ಯಾರೂ ನಗಲಿಲ್ಲ, ಅದೇ ಕಷ್ಟ. ಮೀಟಿಂಗ್ ಮುಗಿದ ಮೇಲೆ ಆಕೆ ಹತ್ತಿರ ಬಂದು, ಆಫೀಸಿನಲ್ಲಿ ಎಲ್ಲರೂ ತಾವಿದ್ದಂತೆ ಇರಬಹುದು, ಸಂಕೋಚ ಬೇಡ ಅಂತ ಭುಜ ತಟ್ಟಿ ಹೋದರು.

ಸಿದ್ಧಾಂತವೇನೋ ಆಯಿತು, ಪರೀಕ್ಷೆ ಬೇಡವೇ? ಸಿಂಗಪುರದಲ್ಲಿ ಮನೆಯೊಳಗೆ ಸೀಸದ ಗುಂಡು ಹೊಯ್ದರೆ ಮುಂದಿನ ಹಬ್ಬವೆಲ್ಲ ಜೈಲಿನಲ್ಲೇ. ಆಗ ಭಾವನಿಗೆ ಹೊಳೆದದ್ದು ಸಂಕ್ರಾಂತಿಯ ಸಕ್ಕರೆ ಅಚ್ಚು! ಸೀಸವಾಗಲಿ ಸಕ್ಕರೆಯಾಗಲಿ, ಕರಗಿಸಿ ಅಚ್ಚಿಗೆ ಹೊಯ್ಯುವುದು ತಾನೆ? ಎರಡರಲ್ಲೂ ಹೊಯ್ಯುವ ಬಾಯಿರುವುದು ಬುಡದ ಕಡೆಗೇ. ಮೈಸೂರಿನ ಬಡಗಿಯೊಬ್ಬರಿಗೆ ಗುಂಡಿನಾಕಾರದ ಅಚ್ಚಿನ ನಕ್ಷೆ ಕಳಿಸಿದರು. ಅವರು ಫೋನ್ ಮಾಡಿ, "ಲಿಂಗ ಚೆನ್ನಾಗಿದೆ ಸ್ವಾಮಿ, ಬುಡಕ್ಕೆ ಪೀಠ ಬೇಡ್ವಾ?" ಅಂತ ಕೇಳಿದರಂತೆ.

ಡಿಸೆಂಬರಿನಲ್ಲಿ ಮೊದಲ ಬ್ಯಾಚ್ ಇಳಿಯಿತು. ಪರೀಕ್ಷೆ ನಡೆದದ್ದು ಫ್ಲಾಟಿನ ಬಾಂಬ್ ಶೆಲ್ಟರಿನಲ್ಲಿ. ಯುದ್ಧ ಬಂದರೆ ಅಡಗಿಕೊಳ್ಳಲಿ ಅಂತ ಸರ್ಕಾರ ಕಟ್ಟಿಕೊಟ್ಟ ಆ ದಪ್ಪ ಗೋಡೆಯ ಕೋಣೆಯಲ್ಲಿ ಅಕ್ಕ ಅಕ್ಕಿ, ಉಪ್ಪಿನಕಾಯಿ ಇಟ್ಟಿದ್ದಾಳೆ. ಒಂದು ಪ್ಲಾಸ್ಟಿಕ್ ಪೈಪಿನೊಳಗೆ ಸಕ್ಕರೆ ಗುಂಡು. ನಾನು ಊದಬೇಕು, ಅದು ಎದುರಿನ ಅಕ್ಕಿ ಚೀಲಕ್ಕೆ ಎಲ್ಲಿ ಬಡಿಯಿತು ಅಂತ ಭಾವ ಗುರುತು ಹಾಕಬೇಕು. ನಾನೋ, ಮೆಟ್ಟಿಲು ಹತ್ತಿದರೇ ಏದುಸಿರು ಬಿಡುವವನು. ಜೋರಾಗಿ ಊದಲಿ ಅಂತ, ಪೈಪು ಬಾಯಲ್ಲಿರುವಾಗಲೇ, ದೀರ್ಘವಾಗಿ ಉಸಿರೆಳೆದುಕೊಂಡೆ. ಗುಂಡು ಗಂಟಲಿಗೆ ಬಂದು ಕೂತಿತು. ಕೆಮ್ಮಿ ಕೆಮ್ಮಿ ಕಣ್ಣೀರು ಬಂದು, ಅಂತೂ ಅದು ಕರಗಿ ಒಳಗೆ ಹೋದ ಮೇಲೆ ಭಾವ ಕೇಳಿದ್ದು ಒಂದೇ ಮಾತು: "ನೆಟ್ಟಗೆ ಹೋಯ್ತಾ?"

ಉಳಿದ ಸಕ್ಕರೆ ಗುಂಡುಗಳನ್ನು ನಾನು ಜುರಾಂಗ್ ಈಸ್ಟ್‌ನಲ್ಲೇ ಇರುವ ನನ್ನ ಮನೆಗೆ ಒಯ್ದು ಪಕ್ಕದ ಮನೆಯ ಕನ್ನಡದ ಆಂಟಿಗೆ ಕೊಟ್ಟೆ. ಸೋಮವಾರ ಅವರ ಫೋನು, ಅಳುವ ಧ್ವನಿ. ನಾನು ಕೊಟ್ಟ ಲಿಂಗಕ್ಕೆ ಅಭಿಷೇಕ ಮಾಡಿದರಂತೆ, ಲಿಂಗ ಕರಗಿಹೋಯಿತಂತೆ, ತಮ್ಮಿಂದ ಏನು ಅಪಚಾರವಾಯಿತೋ ಅಂತ ದಿಗಿಲು. ಅದು ಪಿಸ್ತೂಲಿನ ಗುಂಡು ಆಂಟಿ ಅಂತ ಹೇಳಲಾದೀತೆ? ನಿಮ್ಮ ಭಕ್ತಿಗೆ ಕರಗಿದೆ ಅಂದುಬಿಟ್ಟೆ. ಅವತ್ತಿನಿಂದ ಅವರ ದೃಷ್ಟಿಯಲ್ಲಿ ನಾನು ದೊಡ್ಡ ಶಿವಭಕ್ತ. ಅವರ ಮನೆ ಮುಂದೆ ಆಮ್ಲೆಟ್ ವಾಸನೆ ಹೋಗದಂತೆ ಈಗಲೂ ಕಿಟಕಿ ಹಾಕಿಕೊಂಡೇ ತಿನ್ನುತ್ತೇನೆ.

ಹಬ್ಬದ ಹಿಂದಿನ ದಿನ ಅಕ್ಕ ಎಳ್ಳು ಹುರಿಯುತ್ತಾ, ಈ ಸಲ ಹಂಚೋದಕ್ಕೆ ಹಂಸ, ಗೋಪುರ ಮಾತ್ರ, ಗುಂಡು ಗಿಂಡು ಅಂದರೆ ಇಬ್ಬರನ್ನೂ ಆಚೆ ಹಾಕ್ತೀನಿ ಅಂತ ಗದರಿಸಿದ್ದಳು. ಗದರಿಸಿ ಕೊಬ್ಬರಿ ತರಲು ಹೋದಳು. ಭಾವ ಪಾಕ ಕಾಸಿದರು. ನಾನು ನೆನೆಸಿದ್ದ ಮರದ ಅಚ್ಚುಗಳನ್ನು ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿ ಮುಂದಿಟ್ಟೆ. ಅವರು ಸೌಟು ಎತ್ತಿದರು.

ಪಾಕ ಅಚ್ಚಿನ ಬಾಯಿಗೆ ಬೀಳಲಿಲ್ಲ. ಪಕ್ಕಕ್ಕೆ ಚೆಲ್ಲಿತು. ಇನ್ನೊಂದು ಸಲ ಎತ್ತಿದರು, ಮತ್ತೆ ಚೆಲ್ಲಿತು. ಆಗ ನೋಡಿದೆ. ಸೌಟು ನಡುಗುತ್ತಿತ್ತು. ಅದಕ್ಕೂ ಮೇಲೆ ಮಣಿಕಟ್ಟು ನಡುಗುತ್ತಿತ್ತು. ತಿಂಗಳುಗಟ್ಟಲೆ ಗುಂಡಿನ ಬುಡವನ್ನೇ ನೋಡುತ್ತಿದ್ದ ನಾನೆಂಥ ಟೆಸ್ಟರ್! ಆ ಕೈಯನ್ನು ಒಮ್ಮೆಯೂ ನೋಡಿರಲಿಲ್ಲ.

ಬಾಯಿಗೆ ಬಂದದ್ದನ್ನು ಹೇಳಿದೆ. ಅಚ್ಚಿನ ಬಾಯಿ ಸಣ್ಣದಾಯಿತು ಭಾವ, ಪಾಕವೂ ಗಟ್ಟಿ, ಇನ್ನು ಆ ಕ್ಲಬ್ಬಿನ ಗುಂಡಿನ ಬುಡವಂತೂ ಪೂರಾ ಕಳಪೆ, ಕಂಪ್ಲೇಂಟ್ ಕೊಡಬೇಕು ಅಂತ ಒದರಿದೆ.

ಭಾವ ಸೌಟು ಕೆಳಗಿಟ್ಟರು.

"ಅಚ್ಚು ಸರಿಯಾಗಿದೆ ಕಣೋ. ಪಾಕವೂ ಸರಿಯಾಗಿದೆ. ಗುಂಡೂ ಸರಿಯಾಗೇ ಇತ್ತು."

ಡಾಕ್ಟರಿಗೆ ತೋರಿಸಿದ್ದರಂತೆ. ಹೆದರುವಂಥದ್ದಲ್ಲ, ಆದರೆ ಹೋಗುವಂಥದ್ದೂ ಅಲ್ಲ ಅಂದರಂತೆ. ಅಕ್ಕನಿಗೆ ಹಬ್ಬ ಮುಗಿದ ಮೇಲೆ ಹೇಳುತ್ತಾರಂತೆ.

"ಹಾಗಾದ್ರೆ ಸೆಲೆಕ್ಷನ್?" ಅಂದೆ.

"ಹೋಗ್ತೀನಿ. ಸ್ಕೋರ್ ಬರೆಯೋಕೆ ಯಾರಾದ್ರೂ ಬೇಕಂತೆ. ನಾನೇ ಬರ್ತೀನಿ ಅಂದಿದ್ದೀನಿ."

ನಾನೂ ಜೊತೆಗೆ ಬರ್ತೀನಿ ಅಂದೆ. ಅಲ್ಲಿ ಢಂ ಅಂತ ಸದ್ದು ಬರುತ್ತೆ, ನೀನು ಎದ್ದು ಓಡಿಹೋಗ್ತೀಯ ಅಂತ ನಕ್ಕರು. ನಗುವಾಗ ಕಣ್ಣು ಒದ್ದೆಯಾಗಿತ್ತು. ಈ ಮನುಷ್ಯನ ಮೇಲೆ ನನಗೆ ಎಷ್ಟು ಪ್ರೀತಿಯಿದೆ ಅಂತ ಅವತ್ತೇ ತಿಳಿದದ್ದು.

ಪಾಕ ಆರುತ್ತಿತ್ತು. ಅವರು ಮತ್ತೆ ಸೌಟು ತೆಗೆದುಕೊಂಡರು. ನಾನು ಅವರ ಮಣಿಕಟ್ಟಿನ ಕೆಳಗೆ ಕೈ ಕೊಟ್ಟೆ. ಇಬ್ಬರೂ ಸೇರಿ ಹೊಯ್ದೆವು. ಹಂಸ ತುಂಬಿತು, ಗೋಪುರ ತುಂಬಿತು, ಒಂದು ತೊಟ್ಟೂ ಚೆಲ್ಲಲಿಲ್ಲ. ಅಷ್ಟರಲ್ಲಿ ಬಾಗಿಲಲ್ಲಿ ಅಕ್ಕನ ಬೀಗದ ಕೈ ಸದ್ದಾಯಿತು. ನಾನು ಕೈ ಹಿಂದಕ್ಕೆ ತೆಗೆಯಲು ಹೋದೆ.

"ಇರಲಿ ಬಿಡು," ಅಂದರು ಭಾವ. "ನೋಡ್ಲಿ."