ತಗಡಿನ ಕೆಳಗಿನ ಲೆಕ್ಕ

ತಪ್ಪು ಉತ್ತರವನ್ನು ಬಲು ಬೇಗ ಕಂಡುಹಿಡಿಯುವ ವಿದ್ಯೆಯಲ್ಲಿ ನನ್ನ ಸೋದರಮಾವನನ್ನು ಮೀರಿಸುವವರು ಇಡೀ ಗದಗ ಜಿಲ್ಲೆಯಲ್ಲಿ ಇಲ್ಲ! ಇದು ಹೊಟ್ಟೆಕಿಚ್ಚಿನ ಮಾತಲ್ಲ, ಅವನೇ ಒಪ್ಪಿಕೊಂಡಿರುವ ಸತ್ಯ. ಶಿರಹಟ್ಟಿಯ ಕಾಲೇಜಿನಲ್ಲಿ ಗಣಿತ ಕಲಿಸುತ್ತಾನೆ. ಮದುವೆಯಾಗಿಲ್ಲ. ಪಿಎಚ್‌.ಡಿ. ಶುರುಮಾಡಿದ್ದಾನೆ, ಮುಗಿಸಿಲ್ಲ. ಎಲ್ಲಿಗೆ ಬಂತು ಎಂದು ಕೇಳುವ ಧೈರ್ಯವನ್ನು ನಾವು ಬಂಧುಗಳು ಎಂದೋ ಕಳೆದುಕೊಂಡಿದ್ದೇವೆ.

ಇದೆಲ್ಲ ಶುರುವಾದದ್ದು ಆಯಿಯ ಕೋಣೆಯಿಂದ. ಆಯಿ ಎಂದರೆ ನನ್ನ ತಾಯಿಯ ತಾಯಿ, ಮಾವನ ಅವ್ವ. ಒಂದು ಮಳೆಗಾಲದಲ್ಲಿ ಅವಳ ಕೋಣೆಯ ಸೂರು, ಮಣ್ಣಿನ ಮಾಳಿಗೆ, ಕುಸಿಯಿತು. ಪುಣ್ಯಕ್ಕೆ ಅವಳು ಅಡುಗೆಮನೆಯಲ್ಲಿದ್ದಳು. ಸದ್ಯಕ್ಕಿರಲಿ ಎಂದು ಮೇಲೆ ತಗಡು ಹೊದಿಸಿದರು. ಹಿಂದೆಯೇ ಗೌಂಡಿ ಬಂದು, ಮತ್ತೆ ಮಾಳಿಗೆ ಹಾಕಲು ಮಣ್ಣು ಎಷ್ಟು ದಪ್ಪ ಇರಬೇಕು ಎಂದು ಮಾತು ತೆಗೆದ.

"ಎಲ್ಲಾರೂ ಹಾಕೂವಷ್ಟು ಹಾಕಿದ್ರ ಆತ್ರಿ, ಸರ."

"ಎಲ್ಲಾರೂ ಹಾಕೂವಷ್ಟು ಅನ್ನೂದು ಸಂಖ್ಯೆ ಅಲ್ಲೋ ಮಾರಾಯಾ!" ಎಂದ ಮಾವ. ಆಯಿಯ ಕಡೆ ತಿರುಗಿ, "ಯವ್ವಾ, ಭಾಳಾದ್ರ ಒಂದು ತಿಂಗಳು ತಡಿ. ಬ್ಯಾಸಿಗ್ಯಾಗೂ ನಿನ್ನ ಕೋಣಿ ತಂಪಿರೂ ಹಂಗ ಬರಾಬರಿ ಲೆಕ್ಕ ಹಾಕಿ ಕೊಡ್ತೀನಿ" ಎಂದು ಮಾತು ಕೊಟ್ಟ.

ಬಿಸಿಲು ಮಾಳಿಗೆಯೊಳಗೆ ಇಳಿಯುವಾಗ ಯಾವ ಹೊತ್ತಿಗೆ ಎಷ್ಟು ಆಳದಲ್ಲಿ ಎಷ್ಟು ಬಿಸಿ ಇರುತ್ತದೆ ಎಂದು ಹೇಳುವ ಸಮೀಕರಣವೊಂದಿದೆಯಂತೆ. ಅದರ ಹೆಸರು ಆಂಶಿಕ ಅವಕಲ ಸಮೀಕರಣ. ಹೆಸರು ಕೇಳಿಯೇ ಗೌಂಡಿ ಚೀಲ ಎತ್ತಿಕೊಂಡು ಹೊರಟ! ಅದನ್ನು ನೇರವಾಗಿ ಬಿಡಿಸಲು ಎಲ್ಲ ಕಡೆಯೂ ಆಗುವುದಿಲ್ಲ. ಅಲ್ಲಲ್ಲಿ ಕೆಲವು ಬಿಂದುಗಳನ್ನು ಹಿಡಿದು, ನಡುವೆ ಎಲ್ಲಿಯೂ ಮುರಿಯದ ಹಾಗೆ ನುಣುಪಾದ ಬಾಗುಗೆರೆಗಳನ್ನು ಒಂದಕ್ಕೊಂದು ಜೋಡಿಸಿ, ಉತ್ತರಕ್ಕೆ ಹತ್ತಿರ ಹೋಗಬೇಕು. ಆ ಬಾಗುಗೆರೆಗೆ ಸ್ಪ್ಲೈನ್ ಎನ್ನುತ್ತಾರೆ. ಬಿಂದು ಕಡಿಮೆಯಾಗಬೇಕು, ಕೆಲಸ ಬೇಗ ಮುಗಿಯಬೇಕು, ಉತ್ತರ ಕೆಡಬಾರದು. ಇದೇ ಮಾವನ ಪಿಎಚ್‌.ಡಿ. ಆಯಿತು.

ಹಿಂದಿನ ಕಾಲದಲ್ಲಿ ನಕ್ಷೆ ಬರೆಯುವವರು ಇಂಥ ಗೆರೆಯನ್ನು ತೆಳ್ಳನೆಯ ಪಟ್ಟಿ ಬಾಗಿಸಿ, ಅಲ್ಲಲ್ಲಿ ಭಾರ ಇಟ್ಟು ಎಳೆಯುತ್ತಿದ್ದರಂತೆ. ಮಾವನಿಗೆ ಅದನ್ನು ಕಣ್ಣಾರೆ ನೋಡುವ ಹುಕಿ ಬಂತು. ಬೆಟಗೇರಿಯಲ್ಲಿರುವ ನನ್ನಿಂದ ನೇಕಾರರ ಮನೆಯ ಒಂದು ಬಿದಿರಿನ ಸೀಳು ತರಿಸಿಕೊಂಡ. ಭಾರಕ್ಕೆ ಎದುರಿನ ಕಿರಾಣಿ ಅಂಗಡಿಯ ತೂಕದ ಕಲ್ಲುಗಳನ್ನೆಲ್ಲ ಎತ್ತಿಕೊಂಡು ಬಂದು ಕಟ್ಟೆಯ ಮೇಲೆ ಹರಡಿದ. ಸ್ವಲ್ಪ ಹೊತ್ತಿಗೆ ಅಂಗಡಿಯವನು ಓಡಿಬಂದ.

"ಸರ, ಬ್ಯಾಳಿ ತೂಗಬೇಕ್ರಿ. ಮಂದಿ ನಿಂತಾರ. ಅರ್ಧ ಕಿಲೋದ ಕಲ್ಲರ ಕೊಡ್ರಿ!"

"ಅದನ್ನ ತಗದ್ರ ಗೆರಿ ಕೆಡತೈತ್ರಿ. ಕಾಲು ಕಿಲೋದ್ದು ಒಯ್ಯಿರಿ, ಎರಡು ಸಲ ತೂಗ್ರಿ."

ಅಂದು ಮಾವನ ಓಣಿಯ ಮಂದಿ ಬೇಳೆ, ಬೆಲ್ಲ ಎಲ್ಲವನ್ನೂ ಕಾಲು ಕಾಲು ಕಿಲೋದಂತೆ ಕೊಂಡರು.

ನನ್ನ ಕನ್ಯೆ ನೋಡುವ ಶಾಸ್ತ್ರಕ್ಕೆ ಮುಂಡರಗಿಗೆ ಇವನನ್ನು ಕರೆದುಕೊಂಡು ಹೋದದ್ದು ನಮ್ಮಪ್ಪನ ಬುದ್ಧಿಗೇಡಿತನ. ಹುಡುಗಿ ಚಹಾ ತಂದಿಟ್ಟಳು. ಎಲ್ಲರೂ ಹುಡುಗಿಯನ್ನು ನೋಡಿದರು. ಇವನು ಚಹಾವನ್ನು ನೋಡಿದ! ಜೇಬಿನಿಂದ ಥರ್ಮಾಮೀಟರ್ ತೆಗೆದು ಕಪ್ಪಿನಲ್ಲಿ ಇಳಿಬಿಟ್ಟು, ಗಡಿಯಾರ ನೋಡುತ್ತಾ ಕೂತುಬಿಟ್ಟ. ಹುಡುಗಿಯ ತಾಯಿ ಗಾಬರಿಯಾಗಿ, "ಯಾಕ್ರಿ ಅಣ್ಣಾರ, ನಮ್ಮ ಚಹಾಕ್ಕ ಜ್ವರ ಬಂದಾವೇನ್ರಿ?" ಎಂದಳು.

"ಇಲ್ರಿ ಅಕ್ಕಾರ, ಆರಾಕತ್ತೈತಿ. ಹೆಂಗ ಆರತೈತಿ ಅಂತ ನೋಡಾಕತ್ತೀನಿ."

ಚಹಾ ಆರಿತು. ಸಂಬಂಧವೂ ಆರಿತು. ಇನ್ನೂ ನಾನು ಅವನ ಹಾಗೆಯೇ ಉಳಿದಿದ್ದೇನೆ ಎಂದರೆ ಯಾರನ್ನು ದೂರಬೇಕು, ಹೇಳಿ!

ಕಾಲೇಜಿನಲ್ಲೂ ಇವನದು ಬೇರೆಯೇ ಖ್ಯಾತಿ. ಬೇಸಿಗೆಯಲ್ಲಿ ಊಟದ ಬಿಡುವಿಗೆ ಮನೆಗೆ ಹೋಗಿ ಬಂದರೆ ಪ್ಯಾಂಟು ಮೊಣಕಾಲಿನವರೆಗೆ ತೊಯ್ದಿರುತ್ತಿತ್ತು. ಸರ ಮನೆಯ ನೀರಿನ ಹೌದಿನಲ್ಲಿ ಇಳಿದು ನಿಂತು ಲೆಕ್ಕ ಮಾಡುತ್ತಾರೆ ಎಂದು ಹುಡುಗರು ನಂಬಿದ್ದರು. ಇಷ್ಟು ವರ್ಷದ ಮೇಲೆ ನಾವೂ ಅದನ್ನೇ ನಂಬುವ ಹಂತಕ್ಕೆ ಬಂದಿದ್ದೆವು.

ಮೊದಮೊದಲು ಇವನ ಕಂಪ್ಯೂಟರು ಬೆಳಿಗ್ಗೆ ಕೂತರೆ ಸಂಜೆಗೆ ಉತ್ತರ ಕೊಡುತ್ತಿತ್ತು. ಆಯಿ ಒಂದು ರೊಟ್ಟಿ ಬಡಿದು ಬೇಯಿಸುವಷ್ಟರಲ್ಲಿ ಉತ್ತರ ಬರಬೇಕು ಎನ್ನುವುದು ಅವನ ಹಟ. ಬಿಂದುಗಳನ್ನು ಅಲ್ಲಿಂದಿಲ್ಲಿಗೆ ಸರಿಸಿದ. ಬಿಸಿ ಜೋರಾಗಿ ಏರುವ ಕಡೆ ಒತ್ತೊತ್ತಾಗಿ ಇಟ್ಟ, ಉಳಿದ ಕಡೆ ತೆಳುಮಾಡಿದ. ಕೊನೆಗೊಂದು ದಿನ, ಹಂಚಿನ ಮೇಲೆ ರೊಟ್ಟಿ ಇನ್ನೂ ಉಬ್ಬುತ್ತಿರುವಾಗಲೇ ಉತ್ತರ ಬಂದುಬಿಟ್ಟಿತು. ಅದನ್ನು ಪರೀಕ್ಷಿಸಲು ಮೊದಲು ತಗಡಿನ ಕೆಳಗಿನ ಬಿಸಿಯನ್ನೇ ಲೆಕ್ಕ ಹಾಕಿ, ಕೋಣೆಯ ಥರ್ಮಾಮೀಟರಿಗೆ ಹೋಲಿಸಿದ. ಕೂಡಲಿಲ್ಲ! ಲೆಕ್ಕ ಹೇಳುವುದಕ್ಕಿಂತ ಕೋಣೆ ಬಹಳ ತಂಪಾಗಿತ್ತು.

"ತಪ್ಪು ಉತ್ತರ ಈಗ ಭಾಳ ಜಲ್ದಿ ಬರಾಕತ್ತೈತಲೇ" ಎಂದು ತಲೆ ಮೇಲೆ ಕೈಹೊತ್ತು ಕೂತ.

ಆಯಿ ನಕ್ಕಳು. "ನಿನ್ನ ಲೆಕ್ಕದ ಪ್ರಕಾರ ನಾ ಇಷ್ಟೊತ್ತಿಗೆ ಬದನಿಕಾಯಿ ಸುಟ್ಟಂಗ ಸುಟ್ಟಿರಬೇಕಿತ್ತಲ್ಲೋ! ಕುಂತೀನಿ ನೋಡು, ಎಷ್ಟು ಆರಾಮ!"

ಅವಳು ನಕ್ಕಳು, ನಮಗೆ ನಗು ಬರುತ್ತಿರಲಿಲ್ಲ. ತಗಡಿನ ಲೆಕ್ಕವೇ ಕೂಡದ ಮೇಲೆ ಮಾಳಿಗೆಯ ಲೆಕ್ಕವನ್ನು ಹೇಗೆ ನಂಬುವುದು ಎಂದು ಮಾವ ಮಣ್ಣು ಹಾಕಿಸಲು ಒಪ್ಪಲಿಲ್ಲ. ಬೇಸಿಗೆಗಳು ಬಂದವು, ಹೋದವು. ನಮ್ಮಮ್ಮ ಬೈದಳು, ಅತ್ತಳು. ಪ್ರಬಂಧ ಬರೆದು ಕಳಿಸಿದರೆ, ವಿಧಾನ ಚೆನ್ನಾಗಿದೆ, ಆದರೆ ಅಳತೆಗೆ ಹೊಂದುತ್ತಿಲ್ಲ ಎಂದು ವಾಪಸು ಬಂತು. ಮತ್ತೆ ಬಿಂದು, ಮತ್ತೆ ಗೆರೆ. ಅವನ ಮುಖ ಒಣಗುತ್ತಾ ಹೋಯಿತು. ಗೌಂಡಿ ಕೇಳುವುದನ್ನೇ ಬಿಟ್ಟ.

ಹೋದ ಸಂಕ್ರಾಂತಿ ಮುಗಿದ ವಾರ ಆಯಿ ತೀರಿಕೊಂಡಳು. ಜ್ವರ ಒಂದು ನೆಪ. ಅದೇ ತಗಡಿನ ಕೆಳಗೆ. ಮಣ್ಣುಕೊಟ್ಟು ಬಂದ ಮೇಲೆ ಮಾವನ ಮುಖ ನೋಡಲು ನನಗೆ ಮನಸ್ಸಾಗಲಿಲ್ಲ. ಒಂದು ಮಾಳಿಗೆ, ಹತ್ತೂರಲ್ಲಿ ಯಾವ ಗೌಂಡಿಯಾದರೂ ಹಾಕಿಕೊಡುವ ಮಾಳಿಗೆ, ಅದಕ್ಕೂ ಗತಿಯಿಲ್ಲದ ಹಾಗೆ ಹೆತ್ತವ್ವನನ್ನು ಸಾಯಗೊಟ್ಟನಲ್ಲ ಎಂದು ಕೆಟ್ಟ ಸಿಟ್ಟು ಬಂದಿತ್ತು.

ಯುಗಾದಿ ಕಳೆದ ಮೇಲೆ ಅಮ್ಮನ ಒತ್ತಾಯಕ್ಕೆ ಶಿರಹಟ್ಟಿ ಬಸ್ಸು ಹತ್ತಿದೆ. ಸೊರಟೂರು ದಾಟುವಷ್ಟರಲ್ಲಿ ಬಸ್ಸಿನ ಸರಳು ಮುಟ್ಟಲು ಆಗದಷ್ಟು ಬಿಸಿಲು. ಮಾವ ಆಯಿಯ ಕೋಣೆಯಲ್ಲಿ, ಅವಳ ಖಾಲಿ ಹೊರಸಿನ ಪಕ್ಕ ನೆಲದ ಮೇಲೆ ಕೂತಿದ್ದ. ಕೋಣೆ ಒಲೆಯಾಗಿತ್ತು. ಮುಂದೆ ಕಂಪ್ಯೂಟರು, ಗೋಡೆಗೆ ಥರ್ಮಾಮೀಟರು.

"ಕೂಡೇತಿ" ಎಂದ.

ಬಗ್ಗಿ ನೋಡಿದೆ. ಲೆಕ್ಕದ ಗೆರೆ, ಅಳತೆಯ ಚುಕ್ಕೆಗಳು, ಒಂದರ ಮೇಲೊಂದು ಕೂತಿದ್ದವು. ಸಿಟ್ಟು ಮರೆತು ಅವನ ಬೆನ್ನಿಗೆ ಗುದ್ದಿದೆ. "ಮಾಮಾ! ತಪ್ಪು ಸಿಕ್ತೇನು?"

"ತಪ್ಪು ಇದ್ದಿದ್ದೇ ಇಲ್ಲಲೇ. ಲೆಕ್ಕ ಮೊದಲಿಂದ ಖರೆನ ಇತ್ತು." ಅವನು ಕಣ್ಣಿನಿಂದ ತಗಡನ್ನು ತೋರಿಸಿದ. "ಈ ವರ್ಷ ನೀರು ಹಾಕಿಲ್ಲ."

ಹೊರಗೆ ಹೋಗಿ ನೋಡಿದೆ. ತಗಡಿನ ಮೇಲೆಲ್ಲ ಹಾಸಿದ ಗೋಣಿತಾಟುಗಳು ಒಣಗಿ ಸೆಟೆದು ಬಿದ್ದಿದ್ದವು. ಗೋಡೆಗೆ ಏಣಿ, ಏಣಿಯ ಬುಡಕ್ಕೆ ಬಕೀಟು. ಪ್ರತಿ ಬೇಸಿಗೆ, ಪ್ರತಿ ದಿನ, ಊಟದ ಬಿಡುವಿನಲ್ಲಿ ಊಟ ಬಿಟ್ಟು, ಹೌದಿನಿಂದ ನೀರು ಹೊತ್ತು ಆ ಗೋಣಿ ತೋಯಿಸುತ್ತಿದ್ದನಂತೆ. ತೊಯ್ದ ಪ್ಯಾಂಟಿನಲ್ಲೇ ಮರಳಿ ಪಾಠಕ್ಕೆ ಓಡುತ್ತಿದ್ದನಂತೆ.

ನಾನು ಒಳಗೆ ಬಂದು ಕೂಗಾಡಿದೆ. "ಅಲ್ಲ ಮಾಮಾ, ಗಣಿತದ ಮಾಸ್ತರ ನೀನು! ಅಷ್ಟು ನೀರನ್ನ ಲೆಕ್ಕದಾಗ ಯಾಕ ಹಿಡೀಲಿಲ್ಲ?"

ಅವನು ನನ್ನನ್ನೇ ಹುಚ್ಚನನ್ನು ನೋಡುವಂತೆ ನೋಡಿದ. "ಅದು ಲೆಕ್ಕಕ್ಕ ಹಾಕಿದ್ದಲ್ಲಲೇ. ಅವ್ವಗ ಹಾಕಿದ್ದು."

ಇಷ್ಟು ವರ್ಷ ಅವನ ಲೆಕ್ಕ ಕೆಡಿಸಿದ್ದು ಆ ನೀರೇ. ಈಗ ಕೂಡಿದೆ, ಯಾರೂ ಇಲ್ಲದ ಕೋಣೆಯಲ್ಲಿ.

ಸ್ವಲ್ಪ ಹೊತ್ತಿಗೆ ಅವನು ಎದ್ದ. ಹೌದಿನಲ್ಲಿ ಬಕೀಟು ಅದ್ದಿ ಏಣಿ ಹತ್ತಿದ. ನೀರು ಬಿದ್ದ ಕೂಡಲೇ ತಗಡು ಚುರ್ರೆಂದಿತು.

"ಇನ್ನ ಯಾರಿಗೆ, ಮಾಮಾ?"

"ತಪ್ಪಲಿ ಬಿಡಲೇ, ಲೆಕ್ಕ" ಎಂದ ಮೇಲಿನಿಂದ. "ತಪ್ಪಿದ್ರ, ಅವ್ವ ಒಳಗ ಅದಾಳ ಅನಸತೈತಿ."

ನಾನು ಪ್ಯಾಂಟು ಮಡಚದೆ ಹೌದಿಗೆ ಇಳಿದು ಎರಡನೆಯ ಬಕೀಟು ತುಂಬಿ ಕೊಟ್ಟೆ.