ಸೀಟಿಗೆ ಮುಂಚಿನ ಗೂಟ

ರಗಳೆ ಶುರುವಾಗಿದ್ದು ಒಂದು ಗೂಟದಿಂದ.

ತಿಪಟೂರಿನ ಮೈದಾನದಲ್ಲಿ ಸ್ಕೌಟ್ ಮಕ್ಕಳಿಗೆ ಡೇರೆ ಕಟ್ಟುವ ಸ್ಪರ್ಧೆ. ಮಾಯಸಂದ್ರದ ಶಾಲೆಯ ಮಕ್ಕಳೇ ಮೊದಲು ಕಟ್ಟಿ ಮುಗಿಸಿದ್ದರು. ಅವರ ಸ್ಕೌಟ್ ಮೇಷ್ಟ್ರು ಯೋಗೀಶ್ ಇನ್ನೇನು ಉಸಿರು ಬಿಡಬೇಕು, ಅಷ್ಟರಲ್ಲಿ ತಂಡದ ನಾಯಕ ಉಜ್ವಲ್ ತೀರ್ಪುಗಾರ ದುರ್ಗಯ್ಯನವರ ಮುಂದೆ ಹೋಗಿ ಸೆಲ್ಯೂಟ್ ಹೊಡೆದ.

“ಸಾರ್, ನೀವು ಸೀಟಿ ಊದೋಕ್ ಮುಂಚೇನೇ ನಾವು ಒಂದು ಗೂಟ ಹೊಡ್ಕಂಡಿದ್ವಿ.”

ಅಟ್ಟದ ಮೇಲೆ ಒಣಗಿದ ಕೊಬ್ಬರಿಕಾಯಿ ಅಲ್ಲಾಡಿಸಿದ ಹಾಗೆ ಯೋಗೀಶನ ಎದೆಯೊಳಗೆ ಲೊಡಲೊಡ ಅಂದಿತು. ಷೀಲ್ಡ್ ಬಾರದಿದ್ದರೆ ಸ್ಕೌಟ್ ತಂಡವನ್ನೇ ಮುಚ್ಚಿಸುವುದಾಗಿ ಹೆಡ್‌ಮೇಡಂ ಸುವರ್ಣಮ್ಮ ಬೆಳಗ್ಗೆಯೇ ಹೇಳಿದ್ದರು. ಈಗ ಶಾಮಿಯಾನದಿಂದ ಕೈಬೀಸಿ ಕರೆದರು.

“ತಮಾಷೆಗೆ ಹೇಳ್ದ ಅಂತ ಹೇಳ್ಬುಟ್ಟು ಬನ್ರೀ.”

ಯೋಗೀಶ್ ದುರ್ಗಯ್ಯನವರ ಹತ್ತಿರ ಹೋದ. ಬಾಯಿ ತೆರೆದ. ಉಜ್ವಲ್ ರೆಪ್ಪೆ ಬಡಿಯದೆ ಅವನನ್ನೇ ನೋಡುತ್ತಿದ್ದ.

“ಹುಡುಗ ಹೇಳಿದ್ದು ನಿಜ ಸಾರ್. ಅಂಕ ಕಳೀರಿ” ಅಂದುಬಿಟ್ಟ.

ಎರಡನೆಯ ಸ್ಥಾನದಲ್ಲಿದ್ದ ಶಾಲೆಯ ದಯಾನಂದ್ ಮೇಷ್ಟ್ರು ಮೀಸೆ ತೀಡಿಕೊಂಡರು. ಅದು ಮುಗಿಯುವಷ್ಟರಲ್ಲಿ ಅವರದೇ ಹುಡುಗನೊಬ್ಬ ಮುಂದೆ ಬಂದ. “ನಮ್ ಹಗ್ಗದ ಗಂಟೆಲ್ಲ ದಯಾನಂದ್ ಸಾರೇ ಹಾಕ್ಕೊಟ್ಟಿದ್ದು ಸಾರ್.”

ಮೇಷ್ಟ್ರ ಕೈ ಮೀಸೆಯ ಮೇಲೇ ನಿಂತಿತು.

ಮೂರನೆಯ ತಂಡದವರು ಡೇರೆಯನ್ನು ಮನೆಯಲ್ಲೇ ಅರ್ಧ ಕಟ್ಟಿಕೊಂಡು ಬಂದಿದ್ದರಂತೆ. ನೋಡನೋಡುತ್ತ ತಪ್ಪೊಪ್ಪಿಕೊಳ್ಳುವುದರಲ್ಲೇ ಪೈಪೋಟಿ ಬಿತ್ತು. “ಅವ್ರಿಗಿಂತ ನಮ್ದೇ ದೊಡ್ಡ ತಪ್ಪು ಕಣ್ಲಾ” ಎಂದು ಮಕ್ಕಳು ಸಾಲಿನಲ್ಲಿ ತಳ್ಳಾಡತೊಡಗಿದರು. ಮೇಷ್ಟ್ರುಗಳೆಲ್ಲ ಒಬ್ಬರ ಮುಖ ಒಬ್ಬರು ನೋಡದೆ ನೆಲ ನೋಡುತ್ತ ನಿಂತರು.

ದುರ್ಗಯ್ಯ ಬೆವರೊರೆಸಿಕೊಂಡು ಲೆಕ್ಕ ಹಾಕಿದರು. ಎಲ್ಲಕ್ಕಿಂತ ಸಣ್ಣ ತಪ್ಪು ಒಂದು ಗೂಟದ್ದೇ. ಷೀಲ್ಡ್ ಮಾಯಸಂದ್ರಕ್ಕೆ.

ಯೋಗೀಶನಿಗೆ ಹೋದ ಜೀವ ಬಂದಂತಾಯಿತು. ಸುವರ್ಣಮ್ಮ ಸೆರಗು ಸರಿಮಾಡಿಕೊಂಡು ವೇದಿಕೆ ಹತ್ತಿ ಷೀಲ್ಡಿಗೆ ಕೈ ಹಾಕಿದರು. ದುರ್ಗಯ್ಯ ಆ ಕಡೆಯಿಂದ ಹಿಡಿದವರು ಬಿಡಲೇ ಇಲ್ಲ.

“ಮಕ್ಕಳೇ ಇಷ್ಟು ಹೇಳಿದ್ಮೇಲೆ ನಾನು ಸುಮ್ನಿದ್ರೆ ಸರಿಹೋಗಲ್ಲ” ಎಂದು ಮೈಕಿಗೆ ಬಾಗಿದರು. “ಈ ಸುವರ್ಣಮ್ಮ ನನ್ ಸ್ವಂತ ಅಕ್ಕ. ಹೆಂಗಾದ್ರೂ ಷೀಲ್ಡ್ ನಮಗೇ ಕೊಡ್ಸು ಅಂತ ನಿನ್ನೆ ಫೋನ್ ಮಾಡಿದ್ಲು.”

ಆ ವರ್ಷ ಷೀಲ್ಡ್ ಯಾರಿಗೂ ಸಿಗಲಿಲ್ಲ.

ವಾಪಸ್ ಬರುವಾಗ ಬಸ್ಸು ತುರುವೇಕೆರೆ ದಾಟಿದ ಮೇಲೆ ಸುವರ್ಣಮ್ಮ ಮುಂದಿನ ಸೀಟಿನಿಂದ ನಿಧಾನವಾಗಿ ತಿರುಗಿದರು.

“ಇಂಗೆ ಎಲ್ಲಾರ ಮುಂದೆ ನಿಜ ಹೇಳೋದನ್ನ ಈ ಮಕ್ಕಳಿಗೆ ಕಲ್ಸಿದ್ದು ಯಾರು?”

ಯೋಗೀಶ್ ಕಿಟಕಿಯಾಚೆಯ ತೆಂಗಿನ ಮರಗಳನ್ನು ಬಲು ಆಸಕ್ತಿಯಿಂದ ನೋಡತೊಡಗಿದ. ಹಿಂದಿನ ಸೀಟಿನಲ್ಲಿ ಉಜ್ವಲ್ ಎದ್ದು ಸೆಲ್ಯೂಟ್ ಹೊಡೆದ.

“ನಮ್ ಯೋಗೀಶ್ ಸಾರೇ, ಮೇಡಂ.”