ಕೆಳಗಿನ ಹಾಡು ಮಾಳಿಗೆ ಏರಿದ್ದು

ಮನೆಯಲ್ಲಿ ಕಂಪ್ಯೂಟರು ಒಂದೇ ಇದ್ದರೆ ಶಾಂತಿ ಇರುತ್ತದೆ. ಎರಡಾದವೆಂದರೆ ಅವಕ್ಕೆ ಪರಸ್ಪರ ಗುರುತು ಮಾಡಿಸುವ ಕೆಲಸ ಸೊಸೆಯ ಪಾಲಿಗೆ ಬರುತ್ತದೆ. ಆಮೇಲೆ ಇಂಥವು ನಡೆಯುತ್ತಲೇ ಇರುತ್ತವೆ.

ನಮ್ಮದು ಬೈಲಹೊಂಗಲ. ಕೆಳಗೆ, ದೇವರಮನೆಗೆ ಹತ್ತಿದ ಖೋಲಿಯಲ್ಲಿ ಮಾವನವರ ಕಂಪ್ಯೂಟರು. ಅವರು ಪಂಚಾಂಗ ನೋಡಿ ಮುಹೂರ್ತ ಹೇಳುವವರು. ಜಾತಕಗಳನ್ನು ಈಗ ಅದರಲ್ಲೇ ಹಾಕುತ್ತಾರೆ. ಮೇಲೆ ಮಾಳಿಗೆಯಲ್ಲಿ ನನ್ನದು. ನಾನು ಕಿತ್ತೂರಿನ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತೇನೆ. ಡಿಗ್ರಿ ಓದಿದವಳಿಗೆ ಕಂಪ್ಯೂಟರ್ ರಿಪೇರಿ ಬಂದೇ ಬರುತ್ತದೆ ಎಂಬುದು ನಮ್ಮ ಮನೆಯವರ ದೃಢ ನಂಬಿಕೆ.

ಎಲ್ಲ ಶುರುವಾದದ್ದು ರಾಮದುರ್ಗದ ಫೋನಿನಿಂದ. ಅಲ್ಲಿ ಅತ್ತೆಯವರ ತಂಗಿ ಇದ್ದಾರೆ, ಅಕ್ಕನಿಗಿಂತ ಬಹಳ ಚಿಕ್ಕವರು. ಅವರ ಮೊಮ್ಮಗಳನ್ನು ಶುಕ್ರವಾರ ತೊಟ್ಟಿಲಿಗೆ ಹಾಕುವುದಿತ್ತು. ಹಿರಿಯಳಾಗಿ ಅತ್ತೆ ತಮ್ಮ ತಾಯಿಯ ಜೋಗುಳ ಹಾಡಬೇಕು.

"ಅಕ್ಕಾ, ಅವ್ವನ ಹಾಡಿಗೆ ನಾಕು ನುಡಿ. ನಿನಗ ಬರೂವು ಮೂರ," ಎಂದರು ತಂಗಿ.

"ಇರೂವ ಮೂರು."

"ನಾಕು. ನಾಕನೇದ್ರಾಗ ಬೆಳ್ಳಿ ಬಟ್ಟಲ ಬರ್ತದ. ಮುಂದಿಂದು ನನಗೂ ನೆನಪಿಲ್ಲ, ಆದ್ರ ಬರ್ತದ."

"ಆ ಬಟ್ಟಲ ನಿನ್ನ ತಲಿಯಾಗ ಅದ."

"ಇರಲಿ ಬಿಡು. ಬೀಗರ ಮುಂದ ಅರ್ಧಾ ಹಾಡಿ ಏಳಬ್ಯಾಡ ಮತ್ತ."

ಅತ್ತೆ ಫೋನ್ ಇಟ್ಟರು. ಆ ದಿನ ಸಾರಿಗೆ ಉಪ್ಪು ಬೀಳಲಿಲ್ಲ.

ಅತ್ತೆಯವರ ತಾಯಿಯ, ಅಂದರೆ ಆ ಅಜ್ಜಿಯ ದನಿ ನಮ್ಮಲ್ಲಿ ಇತ್ತು. ಅತ್ತೆಯವರ ಮದುವೆಗೆ ಮುಂಚೆ ಮುನವಳ್ಳಿಯ ತವರುಮನೆಯಲ್ಲಿ ಯಾರೋ ಕ್ಯಾಸೆಟ್ಟಿಗೆ ತುಂಬಿಸಿದ್ದು. ಅದನ್ನು ಸ್ಟುಡಿಯೋದಲ್ಲಿ ಕಂಪ್ಯೂಟರಿಗೆ ಇಳಿಸುವಾಗಲೇ ಟೇಪು ತುಂಡಾಗಿತ್ತು. ಈಗ ಹಾಡು ಉಳಿದಿರುವುದು ಮಾವನವರ ಕಂಪ್ಯೂಟರಿನಲ್ಲಿ ಮಾತ್ರ. ಆದರೆ ಆ ಕಂಪ್ಯೂಟರು ಮೂಕ. ಯಾವ ಸ್ಪೀಕರ್ ಹಚ್ಚಿದರೂ ದನಿ ಹೊರಡುವುದಿಲ್ಲ. ನನ್ನದು ಮಾತಾಡುತ್ತದೆ, ಆದರೆ ಅದರೊಳಗೆ ಹಾಡಿಲ್ಲ. ಎರಡೂ ಇರುವುದು ಒಂದೇ ವೈಫೈಯಲ್ಲಿ. ಕೆಳಗಿನ ಫೋಲ್ಡರನ್ನು ಮೇಲಿನದಕ್ಕೆ ಶೇರ್ ಮಾಡಿದರಾಯಿತು, ಚಹಾ ಕುಡಿಯುವಷ್ಟರಲ್ಲಿ ಮುಗಿಯುತ್ತದೆ ಅಂದುಕೊಂಡೆ.

ಮೈಲಿಗೆ

ಅದಕ್ಕಿಂತ ಸುಲಭದ ದಾರಿ ಇತ್ತಲ್ಲ ಎಂದು ನೀವು ಕೇಳಬಹುದು. ನಾನೂ ಮಾವನವರನ್ನು ಕೇಳಿದೆ: "ಪೆನ್ ಡ್ರೈವಿಗೆ ಹಾಕಿ ಕೊಡ್ರಿ."

"ಅದರ ಸುದ್ದಿ ತಗೀಬ್ಯಾಡವಾ," ಎಂದರು. ಸ್ಟುಡಿಯೋದಿಂದ ಹಾಡು ತಂದ ಪೆನ್ ಡ್ರೈವು ಜೊತೆಗೆ ವೈರಸ್ಸನ್ನೂ ತಂದಿತ್ತು. ಅವರ ಜಾತಕಗಳೆಲ್ಲ ಒಂದು ವಾರ ಕಣ್ಮರೆ. ಅಂದಿನಿಂದ ಮೌಸು, ಕೀಬೋರ್ಡಿನ ತೂತು ಬಿಟ್ಟು ಉಳಿದವಕ್ಕೆಲ್ಲ ಗಾಯಕ್ಕೆ ಹಚ್ಚುವ ಪಟ್ಟಿ ಬಡಿದಿದ್ದಾರೆ. "ಊರೆಲ್ಲಾ ತಿರಗಿ ಬಂದದ್ದನ್ನ ಕೈಕಾಲ ತೊಳೀದನ ಒಳಗ ಬಿಟ್ಟಿದ್ದೆ. ಮೈಲಿಗಿ ಆತು."

"ಈ ಸಲ ಸ್ಕ್ಯಾನ್ ಮಾಡಸ್ತೀನ್ರಿ."

ಅವರು ತುಸು ಯೋಚಿಸಿದರು. "ಸ್ನಾನಾ ಮಾಡ್ಸಿದ್ರ ಕೆಡೂದಿಲ್ಲೇನವಾ ಅದು?"

ಈಮೇಲಿಗೂ ಹಾಕಿ ನೋಡಿದೆ. ಇಡೀ ಕ್ಯಾಸೆಟ್ಟು ಒಂದೇ ಫೈಲು. ಬಹಳ ದೊಡ್ಡದಾಯಿತೆಂದು ಹಿಂದೆ ಬಂತು.

ಸತ್ಯವಂತರು

ಶೇರ್ ಮಾಡಿದೆ. ಮೇಲೆ ಹೋಗಿ ನೋಡಿದರೆ ಕೆಳಗಿನ ಕಂಪ್ಯೂಟರಿನ ಸುಳಿವೇ ಇಲ್ಲ. ಹುಡುಕಿ ಹುಡುಕಿ ಕಡೆಗೆ ತಿಳಿಯಿತು: ವೈಫೈ ಹಾಕಿಸಿದ ದಿನ ಕಂಪ್ಯೂಟರು, ಇದು ಖಾಸಗಿ ಜಾಗವೋ ಸಾರ್ವಜನಿಕವೋ ಎಂದು ಕೇಳಿದೆ. ಮಾವನವರು ಸಾರ್ವಜನಿಕ ಎಂದು ಒತ್ತಿದ್ದಾರೆ. ಹಾಗೆ ಒತ್ತಿದರೆ ಅದು ಬಸ್‌ಸ್ಟ್ಯಾಂಡಿನಲ್ಲಿ ಕುಳಿತ ಹೆಣ್ಣುಮಗಳಂತೆ ಮುಸುಕು ಹಾಕಿಕೊಂಡು ಯಾರಿಗೂ ಮುಖ ತೋರಿಸುವುದಿಲ್ಲ.

"ಯಾಕ ಹಂಗ ಒತ್ತಿದ್ರಿ?"

"ಮತ್ತೇನು? ಮುಂಜಾನಿಂದ ಮಂದಿ ಬರ್ಲಿಕ್ಕತ್ತಾರ. ನೇಸರಗಿಯವ್ರು ಮದವಿ ಮುಹೂರ್ತಕ್ಕ, ಇನ್ನೊಬ್ರು ಬೋರ್ ಹೊಡಸ್ಲಿಕ್ಕೆ. ಕೆಲವರು ಬರೇ ನೀರ ಕುಡದ ಹೋಗ್ತಾರ. ಇದಕ್ಕ ಖಾಸಗಿ ಅಂದ್ರ ಸುಳ್ಳಾಗ್ತದ."

ನಾನು ಬೆರಗಾದೆ. ಕಂಪ್ಯೂಟರು ಕೇಳಿದ ಪ್ರಶ್ನೆಯನ್ನು ಪೂರ್ತಿ ಓದಿ, ಯೋಚಿಸಿ, ಸತ್ಯ ನುಡಿದ ಇನ್ನೊಬ್ಬರನ್ನು ನಾನು ಕಂಡಿಲ್ಲ. ಖಾಸಗಿ ಎಂದು ಬದಲಿಸಲು ಒಪ್ಪಿಸುವಷ್ಟರಲ್ಲಿ ಸಾಕಾಯಿತು. ಒತ್ತುವ ಮುಂಚೆ ಅವರು ಪಡಸಾಲೆಯಲ್ಲಿ ಕಾಯುತ್ತಿದ್ದವರತ್ತ ತಿರುಗಿ ಹೇಳಿದರು: "ತಪ್ಪ ತಿಳಕೋಬ್ಯಾಡ್ರಿ, ನೀವು ಬರೂದು ಬರ್ರಿ."

ಗೋತ್ರ

ಮರುದಿನವೂ ಕಾಣಲಿಲ್ಲ. ಎರಡೂ ಕಂಪ್ಯೂಟರುಗಳ ಗುಂಪಿನ ಹೆಸರು ಒಂದೇ ಇದೆಯೋ ಎಂದು ನೋಡಿದೆ, ಒಂದೇ ಇತ್ತು. ಏನದು ಎಂದು ಮಾವನವರು ಕೇಳಿದರು. ಸುಲಭವಾಗಲೆಂದು, "ನಮ್ಮ ಗೋತ್ರ ಇದ್ದಂಗರಿ. ಎರಡರದೂ ಒಂದ ಅದ," ಎಂದು ಹೇಳಿ ಕಿತ್ತೂರಿನ ಬಸ್ಸು ಹಿಡಿದೆ.

ಸಂಜೆ ಬಂದರೆ ಕೆಳಗಿನದರ ಗುಂಪು ಕಾಶ್ಯಪ, ಮೇಲಿನದರದು ವಸಿಷ್ಠ. ಮಾವನವರು ತಾವೇ ಮಾಳಿಗೆ ಹತ್ತಿ ಬದಲಿಸಿದ್ದರು.

"ಸಂಬಂಧಾ ಕೂಡಸ್ಬೇಕಂತಿ, ಗೋತ್ರ ಒಂದ ಅದ ಅಂತಿ. ಹೆಂಗ ಕೂಡ್ತದವಾ? ಸಗೋತ್ರ ಆಗೂದಿಲ್ಲ. ಕಾಲೇಜಿನ್ಯಾಗ ಇಷ್ಟೂ ಹೇಳೂದಿಲ್ಲೇನು?"

ಶಾಸ್ತ್ರದ ಪ್ರಕಾರ ಅವರಲ್ಲಿ ಒಂದು ಅಕ್ಷರ ತಪ್ಪಿಲ್ಲ. ನಾನು ಮೆಲ್ಲಗೆ, "ಇವು ಗಂಡ ಹೆಂಡತಿ ಅಲ್ರಿ. ಅಣ್ಣ ತಮ್ಮ ಅನ್ಕೋರಿ," ಎಂದೆ.

ಮಾವನವರ ಮುಖ ತಿಳಿಯಾಯಿತು. "ಅಣ್ಣ ತಮ್ಮ ಏನು? ಹಂಗಾರ ಒಬ್ಬರ ಮುಖ ಒಬ್ಬರು ನೋಡವೊಲ್ಲರು ಅನ್ನೂದ್ರಾಗ ಆಶ್ಚರ್ಯ ಇಲ್ಲ ಬಿಡು."

ಕಿವಿಯಲ್ಲಿ ಹೇಳುವುದು

ಗೋತ್ರ ಮೊದಲಿನಂತೆ ಮಾಡಿ ಎರಡನ್ನೂ ಆರಿಸಿ ಹಚ್ಚಿದ ಮೇಲೆ ಕೆಳಗಿನ ಅಣ್ಣನ ಹೆಸರು ಮೇಲಿನ ತಮ್ಮನಲ್ಲಿ ಮೂಡಿತು. ಒತ್ತಿದರೆ ಪಾಸ್‌ವರ್ಡ್ ಕೇಳಿತು. ಮಾವನವರು ಪಾಸ್‌ವರ್ಡ್ ಇಟ್ಟಿರಲೇ ಇಲ್ಲ. ಖಾಲಿ ಬಿಟ್ಟು ಒತ್ತಿದೆ, ಒಳಗೆ ಬಿಡಲಿಲ್ಲ. ನಮ್ಮ ಕಾಲೇಜಿನ ಲ್ಯಾಬ್ ನೋಡಿಕೊಳ್ಳುವ ಸವದತ್ತಿಯ ಸಾಹೇಬರಿಗೆ ಫೋನ್ ಹಚ್ಚಿದೆ.

"ಕೀಲಿ ಇಲ್ಲದ ಮನಿಗೆ ಅದು ಹೊರಗಿನವರನ್ನ ಬಿಡೂದಿಲ್ರಿ ಮೇಡಂ. ಮೊದಲ ಕೀಲಿ ಹಾಕ್ರಿ. ಅಂದ್ರ ತಗೀತೈತಿ."

ಸ್ಪೀಕರ್ ಫೋನಿನಲ್ಲಿ ಇದನ್ನು ಕೇಳಿದ ಮಾವನವರು ಕಣ್ಣು ಮುಚ್ಚಿ ಕುಳಿತುಬಿಟ್ಟರು. "ತೆರದ ಬಾಗಲದಾಗ ಹೋಗ್ಲಿಕ್ಕೆ ಬರೂದಿಲ್ಲ, ಹಾಕಿದ ಬಾಗಲದಾಗ ಹೋಗ್ಲಿಕ್ಕೆ ಬರ್ತದ. ಭಾಳ ದೊಡ್ಡ ಮಾತ ಹೇಳಿದ್ರು ಸಾಹೇಬರು."

ಪಾಸ್‌ವರ್ಡ್ ಇಟ್ಟರು. ಏನೆಂದು ಕೇಳಿದರೆ ಹೇಳಲೊಲ್ಲರು. ಇಂಥದ್ದನ್ನು ಮಂತ್ರದ ಹಾಗೆ ಕಿವಿಯಲ್ಲೇ ಹೇಳಬೇಕು. ಸೊಸೆಯ ಕಿವಿಯಲ್ಲಿ ಮಾವ ಹೇಳುವುದು ಹೇಗೆ? ಅತ್ತೆಯ ಕಿವಿಯಲ್ಲಿ ಹೇಳಿ ಮಾಳಿಗೆಗೆ ಕಳಿಸಿದರು. ಅತ್ತೆಗೆ ಮೊಣಕಾಲು ನೋವು. ಅರ್ಧ ಮೆಟ್ಟಿಲಲ್ಲಿ ನಿಂತು ಅಲ್ಲಿಂದಲೇ ಒದರಿ ಹೇಳಿದರು. ನಾನು ಹೊಡೆದೆ. ತಪ್ಪು ಎಂದಿತು. ಇನ್ನೊಮ್ಮೆ ಹೊಡೆದೆ. ಮತ್ತೂ ತಪ್ಪು.

ಆಗ ಆಚೆ ಮನೆಯ ಅಟ್ಟದ ಕಿಟಕಿಯಿಂದ ಒಂದು ದನಿ ಬಂತು: "ಕಡೀಕ ಎರಡ ಸೊನ್ನಿ ಅಂದ್ರು ನೋಡ್ರಿ ನಿಮ್ಮ ಅತ್ತಿಯವರು."

ಪರವಾನಗಿ

ಎರಡು ಸೊನ್ನೆಗೆ ಬಾಗಿಲು ತೆರೆಯಿತು. ಫೋಲ್ಡರು ಕಂಡಿತು. ಒತ್ತಿದೆ. ನಿಮಗೆ ಪರವಾನಗಿ ಇಲ್ಲ, ಇದರ ಮೇಲ್ವಿಚಾರಕರನ್ನು ಕೇಳಿರಿ ಎಂದಿತು. ಅಂದು ಗುರುವಾರ, ಮರುದಿನ ಮುಂಜಾನೆ ರಾಮದುರ್ಗಕ್ಕೆ ಹೊರಡಬೇಕು. ಅತ್ತೆಯವರ ಮುಖ ಸಣ್ಣದಾಗಿತ್ತು.

"ಆ ಮೇಲ್ವಿಚಾರಕರು ಯಾರವಾ? ನಾ ಹೋಗಿ ಮಾತಾಡತೀನಿ," ಎಂದರು ಮಾವನವರು.

"ನೀವರೀ."

"ನಾನ? ನನ್ನ ಫೋಲ್ಡರಿಗೆ ನಾ ನನ್ನನ್ನ ಕೇಳಬೇಕು?"

ಅತ್ತೆ ಅಷ್ಟು ಸಂಕಟದಲ್ಲೂ ಬಾಯಿ ಬಿಟ್ಟರು: "ಮದವಿ ಆದಾಗಿಂದ ನಾ ಕೇಳ್ಲಿಕ್ಕತ್ತೀನಿ, ಒಂದ ಸಲಾನೂ ಹೂಂ ಅಂದಿಲ್ಲ. ಈಗ ನೀವ ಕೇಳ್ಕೊಂಡ ನೋಡ್ರಿ, ಹೆಂಗ ಆಗ್ತದ ಅಂತ ಗೊತ್ತಾಗ್ತದ."

ನಾಲ್ಕನೇ ನುಡಿ

ಮಾವನವರು ತಮಗೆ ತಾವೇ ಹೂಂ ಅಂದರು. ಕೆಳಗೆ ನಾನು ತೋರಿಸಿದ ಕಡೆ ಅವರು ಒತ್ತಿದರು; ಮೇಲೆ ಫೋಲ್ಡರು ತೆರೆಯಿತು. ಅತ್ತೆ ಮಾಳಿಗೆ ಹತ್ತಿ ಬಂದು ಕುರ್ಚಿ ಬಿಟ್ಟು ನೆಲದ ಮೇಲೆ ಕುಂತರು. ತಂಗಿಗೆ ಫೋನ್ ಹಚ್ಚಿಸಿದರು. "ಕೇಳಸ್ಕೋ. ಮೂರ ನುಡಿಗೆ ಮುಗೀತದ."

"ಕೇಳಸ್ಕೋತೀನಿ," ಎಂದಿತು ರಾಮದುರ್ಗ.

ಖರ ಖರ ಸದ್ದು. ಆಮೇಲೆ ಆ ದನಿ. ನಾನು ಆ ಅಜ್ಜಿಯನ್ನು ಕಂಡವಳಲ್ಲ. ಒಂದು ತಂತಿಯಿಲ್ಲ, ಒಂದು ಮೆಟ್ಟಿಲು ಹತ್ತಿದ್ದಿಲ್ಲ. ಮುನವಳ್ಳಿಯ ಪಡಸಾಲೆ ನಮ್ಮ ಮಾಳಿಗೆಗೆ ಬಂದು ಕುಳಿತಿತ್ತು. ಮಾವನವರು ಬಾಗಿಲಲ್ಲೇ ನಿಂತು ತಲೆಯ ಟೊಪ್ಪಿಗೆ ತೆಗೆದರು. ಒಂದು ನುಡಿ, ಎರಡು, ಮೂರು. ಅತ್ತೆಯ ತುಟಿ ಜೊತೆಗೇ ಆಡುತ್ತಿತ್ತು. ಮೂರನೆಯದು ಮುಗಿದು ದನಿ ನಿಂತಿತು. ಅತ್ತೆ ಫೋನಿನತ್ತ ಗೆದ್ದ ನಗೆ ಬೀರಿದರು.

ಅಷ್ಟರಲ್ಲಿ ಸ್ಪೀಕರಿನೊಳಗಿನಿಂದ ಅಜ್ಜಿ ಮಾತಾಡಿದರು: "ಏ ದೊಡ್ಡಾಕಿ, ಹಾಲು ಒಲಿಮ್ಯಾಲ ಅದ, ಉಕ್ಕತದ. ನೋಡ ಹೋಗು."

"ಹೊಂಟೆನವಾ," ಎಂದು ಅತ್ತೆ ಎದ್ದರು. ಮೊಣಕಾಲು ನೋವಿನ ಅತ್ತೆ, ಬಾಗಿಲಲ್ಲಿದ್ದ ಮಾವನವರನ್ನು ಸರಿಸಿ, ದಡದಡ ಮೆಟ್ಟಿಲು ಇಳಿದು ಅಡಿಗೆಮನೆಗೆ ಹೋಗಿಯೇಬಿಟ್ಟರು. ಅಜ್ಜಿ ಮತ್ತೆ ಹಾಡಿಗೆ ಹತ್ತಿದರು. ಬೆಳ್ಳಿ ಬಟ್ಟಲು ಬಂತು, ಹೋಯಿತು.

ಅತ್ತೆ ಏದುಸಿರು ಬಿಡುತ್ತ ಬಂದರು. "ಒಲಿಮ್ಯಾಲ ಏನೂ ಇಲ್ಲ."

"ಅಕ್ಕಾ, ಬಟ್ಟಲ ಬಂತು. ಕೇಳಿದ್ಯಾ?" ಎಂದರು ಫೋನಿನಲ್ಲಿ ತಂಗಿ.

"ಎಲ್ಲಿ ಕೇಳ್ಲೆ? ಅವ್ವ ಕಳಿಸಿದ್ಲಲ್ಲಾ."

ಆಮೇಲೆ ತಂಗಿ ನಿಧಾನಕ್ಕೆ ಅಂದರು: "ಯಾವಾಗ್ಲೂ ನಿನ್ನ ಕಳಸ್ತಿದ್ಲು. ನಾ ತೊಡಿಮ್ಯಾಲ ಇರ್ತಿದ್ದೆ. ಬಟ್ಟಲ ಬರೂದ್ರಾಗ ನನಗ ನಿದ್ದಿ ಹತ್ತತಿತ್ತು."

ಹಾಡನ್ನು ಹಿಂದಕ್ಕೆ ಎಳೆದೆ. ಯಾವುದಕ್ಕೂ ಇರಲೆಂದು ಅತ್ತೆಯ ಸೆರಗಿನ ತುದಿಯನ್ನು ಕೈಯಲ್ಲಿ ಹಿಡಿದುಕೊಂಡೆ. ಮೂರನೇ ನುಡಿ ಮುಗಿಯಲು ಬಂತು. ಅಜ್ಜಿ ಮಾತಾಡುವ ಮುಂಚೆಯೇ ಅತ್ತೆ ಮುಂದೆ ಬಾಗಿ, ಸ್ಪೀಕರಿಗೆ ಬಾಯಿ ಹಚ್ಚಿ, ಸಣ್ಣ ದನಿಯಲ್ಲಿ ಹೇಳಿದರು:

"ಅವ್ವಾ, ಈ ಸಲ ಸಣ್ಣಾಕಿನ್ನ ಕಳಸು."